ಹಿಮೋಗ್ಲೋಬಿನ್ ಸರಿಯಿದೆ, ಕಾಲು ಮಾತ್ರ ಸುಮ್ಮನಿರುವುದಿಲ್ಲ

ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಗಾಗಿ ಮದ್ದೂರಿನ ಸೋದರಿ ಎಂದಷ್ಟೇ ಸಂಬೋಧಿಸುತ್ತೇನೆ. ಹಾಸಿಗೆಗೆ ಬೆನ್ನು ತಾಗಿದೊಡನೆ ಮೀನಖಂಡದೊಳಗೆ ಏನೋ ಹರಿದಾಡುತ್ತದೆ, ಎದ್ದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ, ಮಲಗಿದರೆ ಮತ್ತೆ ಅದೇ ಕಾಟ ಎಂದು ಬರೆದಿದ್ದೀರಿ. ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಗುರುತಿಸಿದ ವೈದ್ಯರು ಪ್ರಾಮಿಪೆಕ್ಸೋಲ್ ಕೊಟ್ಟರು. ಮೊದಮೊದಲು ವರವೆನಿಸಿದ ಆ ಮಾತ್ರೆ ನುಂಗುತ್ತಿದ್ದರೂ ಈಗ ಸಂಜೆ ನಾಲ್ಕಕ್ಕೇ ಕಾಟ ಶುರು. ಹಿಮೋಗ್ಲೋಬಿನ್ 12.4 ಇರುವಾಗ ಹೊಸ ವೈದ್ಯರು ಕಬ್ಬಿಣಾಂಶದ ಮಾತೆತ್ತಿದ್ದೇಕೆ ಎಂಬುದು ನಿಮ್ಮ ಪ್ರಶ್ನೆ.

ಅವರು ಎತ್ತಿದ್ದು ಸರಿಯಾದ ಮಾತನ್ನೇ. ಹಿಮೋಗ್ಲೋಬಿನ್ ಇಂದಿನ ಅಡುಗೆಯ ಲೆಕ್ಕವಾದರೆ, ದೇಹ ಕೂಡಿಟ್ಟ ಕಬ್ಬಿಣವನ್ನು ತಿಳಿಸುವ ಫೆರಿಟಿನ್ ಕಣಜದ ಲೆಕ್ಕ. ನೀವು ಕಳಿಸಿರುವ ವರದಿಯಲ್ಲಿ ಫೆರಿಟಿನ್ ಇಲ್ಲವೇ ಇಲ್ಲ! ಈ ಕಾಯಿಲೆಯವರ ಮಿದುಳಿನಲ್ಲಿ, ಅದರಲ್ಲೂ ಚಲನೆಯನ್ನು ಹತೋಟಿಯಲ್ಲಿಡಲು ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗುವ ಭಾಗದಲ್ಲಿ ಕಬ್ಬಿಣ ಕಡಿಮೆಯಿರುವುದು ಎಂಆರ್‌ಐ ಚಿತ್ರಗಳಲ್ಲೂ ಮರಣೋತ್ತರ ಪರೀಕ್ಷೆಗಳಲ್ಲೂ ಕಂಡಿದೆ. ರಕ್ತದಲ್ಲಿ ಕೊರತೆ ಕಾಣದಿದ್ದಾಗಲೂ ಹೀಗಾಗಬಹುದು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಫೆರಿಟಿನ್ (ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ) 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶ ಕೊಡುವುದನ್ನು ಪರಿಗಣಿಸಬೇಕು. 75ರಿಂದ 100ರ ನಡುವೆ ಇದ್ದರೆ ಮಾತ್ರೆಯಲ್ಲ, ಡ್ರಿಪ್. ಲ್ಯಾಬಿನ ಹಾಳೆಯಲ್ಲಿ 30ರ ಪಕ್ಕದಲ್ಲೂ ‘ನಾರ್ಮಲ್’ ಎಂದು ಅಚ್ಚಾಗಿರುತ್ತದೆ, ಅದನ್ನು ನೆಚ್ಚಿ ಕೂರಬೇಡಿ. ಫೆರಿಟಿನ್ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆಯೇ ಕೊಡಿ. ಹಿಂದಿನ ದಿನ ಕಬ್ಬಿಣದ ಮಾತ್ರೆ ಬೇಡ. ಪರೀಕ್ಷೆಗೆ ಮೊದಲೇ ಅಂಗಡಿಯಿಂದ ಮಾತ್ರೆ ತಂದು ನುಂಗುವುದೂ ಬೇಡ, ಕಬ್ಬಿಣ ಹೆಚ್ಚಾದರೆ ಯಕೃತ್ತಿಗೆ ಕೇಡು.

ಸೊಪ್ಪಿನ ಸಾರು, ರಾಗಿಮುದ್ದೆ ಸಾಲದೇ ಎಂದೂ ಕೇಳಿದ್ದೀರಿ. ಊಟಕ್ಕೆ ನಿಂಬೆರಸ ಹಿಂಡಿಕೊಳ್ಳಿ, ಊಟವಾದೊಡನೆ ಕಾಫಿ ಕುಡಿಯಬೇಡಿ. ಕಬ್ಬಿಣ ಮೈಗೆ ಹತ್ತಲು ಇವೆರಡೂ ನೆರವಾಗುತ್ತವೆ. ಆದರೆ ಬರಿದಾದ ಕಣಜ ಊಟವೊಂದರಿಂದಲೇ ಬೇಗ ತುಂಬುವುದಿಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಸಂಜೆ ನಾಲ್ಕರ ವಿಷಯ. ಡೋಪಮಿನ್‌ನಂತೆ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಆರಂಭದಲ್ಲಿ ಚೆನ್ನಾಗಿ ಹಿಡಿಯುತ್ತವೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಕಾಯಿಲೆಯನ್ನೇ ಉಲ್ಬಣಿಸುತ್ತವೆ: ಲಕ್ಷಣ ಬೇಗ ಶುರುವಾಗುತ್ತದೆ, ಕೈಗೂ ಹಬ್ಬಬಹುದು. ಪ್ರಮಾಣ ಹೆಚ್ಚಿಸಿದರೆ ಕೆಲಕಾಲ ನೆಮ್ಮದಿ, ಆಮೇಲೆ ಇನ್ನಷ್ಟು ಕಷ್ಟ. ಒಂದು ಕಾಲಕ್ಕೆ ಮೊದಲ ಆಯ್ಕೆಯಾಗಿದ್ದ ಈ ಔಷಧಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದು ಅದೇ ಮಾರ್ಗಸೂಚಿ ಸೂಚಿಸಿದೆ. ಅವುಗಳ ಬದಲಿಗೆ ಗಾಬಾಪೆಂಟಿನ್, ಪ್ರಿಗಾಬಲಿನ್ ಎಂಬ ಔಷಧಗಳು ಮುಂದಕ್ಕೆ ಬಂದಿವೆ. ಹಾಗೆಂದು ನಾಳೆಯೇ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಕೆಲವು ರಾತ್ರಿ ಕಣ್ಣೇ ಮುಚ್ಚಲಾಗದು. ನಿಧಾನವಾಗಿ ಇಳಿಸುವ ಕ್ರಮವನ್ನು ನರರೋಗ ತಜ್ಞರಿಂದ ಬರೆಸಿಕೊಳ್ಳಿ. ಮೂತ್ರಪಿಂಡದ ತೊಂದರೆಯಿದ್ದರೆ ಅದನ್ನೂ ಹೇಳಿ, ಹೊಸ ಔಷಧದ ಪ್ರಮಾಣ ಅದರ ಮೇಲೆ ನಿಲ್ಲುತ್ತದೆ.

‘ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ’ ಎನ್ನುವ ನಿಮ್ಮ ಅತ್ತೆಯವರಿಗೆ ಇಷ್ಟು ಹೇಳಿ: ಇದು ಚಟವಲ್ಲ, ಹಲವು ಕುಟುಂಬಗಳಲ್ಲಿ ವಂಶದಲ್ಲೇ ಹರಿದು ಬರುತ್ತದೆ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಕಾಯಿಲೆಗೆ ನಂಟಿರುವ 164 ತಾಣಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. ಅದಕ್ಕೆ ಮುಂಚೆ ತಿಳಿದಿದ್ದವು ಇಪ್ಪತ್ತು ಚಿಲ್ಲರೆ. ಮೂರ್ಛೆರೋಗಕ್ಕೆ ಬಳಸುವ ಕೆಲವು ಔಷಧಗಳು ಇಲ್ಲಿಯೂ ಒದಗಬಹುದೇ ಎಂಬ ಹೊಸ ದಾರಿಯನ್ನು ಅದು ತೋರಿಸಿದೆ, ಆದರೆ ಅದು ನಿಮ್ಮ ಚೀಟಿಯವರೆಗೆ ಬರಲು ಕಾಲ ಹಿಡಿಯುತ್ತದೆ. ಮೊಣಕಾಲ ಕೆಳಗೆ ಕಟ್ಟಿಕೊಂಡು ನರವನ್ನು ಪ್ರಚೋದಿಸುವ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಇನ್ನೊಂದು ಮಾತು. ನೆಗಡಿಗೆಂದು ರಾತ್ರಿ ನುಂಗುವ, ನಿದ್ದೆ ಬರಿಸುವ ಅಲರ್ಜಿ ಮಾತ್ರೆಯೂ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಈ ಕಾಟವನ್ನು ಕೆರಳಿಸುತ್ತವೆ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ.

– ಸಂಪಾದಕ, ಮೈಸೂರು