ಡಿಸ್ಕ್ ಕಾಣದು, ವೈಫೈ ಬಾರದು: ಲಿನಕ್ಸ್ ಹಾಕುವವರ ಪ್ರಶ್ನೆಗಳು

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಉಳಿಸಿಕೊಂಡೇ ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಲು ಹೊರಟೆ. ಪೆನ್‌ಡ್ರೈವಿನಿಂದ ಬೂಟ್ ಆಯಿತು. ಎಲ್ಲಿ ಹಾಕಬೇಕೆಂದು ಕೇಳುವ ಹಂತದಲ್ಲಿ ಪೆನ್‌ಡ್ರೈವ್ ಮಾತ್ರ ಕಾಣುತ್ತದೆ, 512 ಜಿಬಿ ಎಸ್‌ಎಸ್‌ಡಿ ಪತ್ತೆಯೇ ಇಲ್ಲ. ಡಿಸ್ಕ್ ಕೆಟ್ಟಿದೆಯೇ? (ದಾವಣಗೆರೆ)

ಉತ್ತರ: ವಿಂಡೋಸ್ ಅದೇ ಡಿಸ್ಕಿನಿಂದ ಏಳುತ್ತಿದೆಯಲ್ಲ, ಕೆಟ್ಟಿಲ್ಲ. ಇಂಟೆಲ್ ಪ್ರೊಸೆಸರಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗುಗಳ ಜಾಗ) ಡಿಸ್ಕಿಗೆ ಆರ್‌ಎಸ್‌ಟಿ ಅಥವಾ ರೇಡ್ ಎಂಬ ಮೋಡ್ ಹಾಕಿಕೊಂಡೇ ಬರುತ್ತವೆ. ಆಗ ಎನ್‌ವಿಎಂಇ ಡಿಸ್ಕು (ಈಗಿನ ವೇಗದ ಎಸ್‌ಎಸ್‌ಡಿ) ಸಾಟಾ ಕಂಟ್ರೋಲರಿನ (ಹಳೆಯ ಬಗೆಯ ಡಿಸ್ಕು ನಡೆಸುವ ಭಾಗ) ಬೆನ್ನಿಗೆ ಅಡಗಿ ಕೂರುತ್ತದೆ; ಇಂಟೆಲ್‌ನ ವಿಂಡೋಸ್ ಡ್ರೈವರಿಗೆ ಅದರ ಗುಟ್ಟು ಗೊತ್ತು, ಲಿನಕ್ಸಿಗೆ ಗೊತ್ತಿಲ್ಲ. ಮೋಡ್ ಅನ್ನು ಎಎಚ್‌ಸಿಐ (ಲಿನಕ್ಸಿಗೂ ಗೊತ್ತಿರುವ ಸಾಮಾನ್ಯ ಮೋಡ್) ಮಾಡಿದರೆ ಡಿಸ್ಕ್ ಕಾಣುತ್ತದೆ. 11ನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರ್‌ಗಳಲ್ಲಿ ಇದೇ ಸ್ವಿಚ್ಚು ವಿಎಂಡಿ ಎಂಬ ಹೆಸರಿನಲ್ಲಿರುತ್ತದೆ, ಅದನ್ನು ಆಫ್ ಮಾಡಬೇಕು. ಏಸರ್‌ನ ಕೆಲವು ಮಾದರಿಗಳಲ್ಲಿ ಈ ಸಾಲು ಕಣ್ಣಿಗೇ ಬೀಳದು; ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಆದರೆ ಸೀದಾ ಹೋಗಿ ಬದಲಿಸಬೇಡಿ. ವಿಂಡೋಸ್ ಏಳುವಾಗ ಹಳೆಯ ಕಂಟ್ರೋಲರಿನ ಡ್ರೈವರನ್ನೇ ಎತ್ತಿಕೊಂಡು, ಡಿಸ್ಕ್ ಸಿಗದೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ತೋರಿಸುತ್ತದೆ. ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಚಾಲೂ ಇದೆಯೇ ನೋಡಿ, ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯೋಸ್ ಮುಟ್ಟಿದ ಮೇಲೆ ಅದನ್ನು ಕೇಳಬಹುದು. ಆಮೇಲೆ ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ (msconfig) ತೆರೆದು ಬೂಟ್ ಪುಟದಲ್ಲಿ ‘ಸೇಫ್ ಬೂಟ್’, ‘ಮಿನಿಮಲ್’ ಗುರುತು ಹಾಕಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಏಳುವ ಮುಂಚೆಯೇ ಬಯೋಸ್‌ಗೆ ಹೊಕ್ಕು ಮೋಡ್ ಬದಲಿಸಿ ಸೇವ್ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಕಂಟ್ರೋಲರನ್ನು ಗುರುತಿಸಿ ತಾನೇ ಡ್ರೈವರ್ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಪಿನ್ ಒಪ್ಪದಿದ್ದರೆ ಪಾಸ್‌ವರ್ಡ್ ಬೇಕಾಗುತ್ತದೆ, ನೆನಪಿರಲಿ. ಹಾಕಿದ್ದ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ಆಯಿತು. ಆತುರಪಟ್ಟು ಈಗಾಗಲೇ ನೀಲಿ ಪರದೆ ನೋಡಿದ್ದರೆ ಗಾಬರಿ ಬೇಡ: ಮೋಡನ್ನು ಮೊದಲಿನಂತೆ ಮಾಡಿ, ವಿಂಡೋಸ್ ಏಳುತ್ತದೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸಿನ ಇನ್ನೊಂದು ಬಗೆ) ಹಾಕಿದೆ. ಎಲ್ಲ ಸರಿ, ವೈಫೈ ಮಾತ್ರ ಇಲ್ಲ. ಇದೇ ಕಂಪನಿಯ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಬಂತು. (ಶಿರಸಿ)

ಉತ್ತರ: ಮುಚ್ಚಳದ ಮೇಲಿನ ಹೆಸರು ಇಲ್ಲಿ ಲೆಕ್ಕಕ್ಕಿಲ್ಲ. ಒಂದೇ ಮಾದರಿಯಲ್ಲೂ ಎರಡು ಮೂರು ಬಗೆಯ ವೈಫೈ ಕಾರ್ಡ್ ಹಾಕಿ ಮಾರಿರುತ್ತಾರೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ (lspci -nnk) ಕೊಟ್ಟು ನೆಟ್‌ವರ್ಕ್ ಕಂಟ್ರೋಲರ್ ಸಾಲು ಹುಡುಕಿ. ಅದರಲ್ಲಿ 14ಇ4:4315 ಎಂಬಂಥ ಸಂಖ್ಯೆ ಇರುತ್ತದೆ. ಎಡಗಡೆಯದು ಚಿಪ್ ಮಾಡಿದವರದು (14ಇ4 ಬ್ರಾಡ್‌ಕಾಮ್, 8086 ಇಂಟೆಲ್, 10ಇಸಿ ರಿಯಲ್‌ಟೆಕ್), ಬಲಗಡೆಯದು ಚಿಪ್‌ನದು. ಹುಡುಕಾಟವೆಲ್ಲ ಈ ಸಂಖ್ಯೆಯಿಂದಲೇ ಶುರುವಾಗಬೇಕು.

ನಿಮ್ಮದು 4315 ಆಗಿದ್ದರೆ ಬಿ43 ಎಂಬ ಡ್ರೈವರ್ ಕರ್ನಲ್‌ನಲ್ಲೇ (ಲಿನಕ್ಸಿನ ತಿರುಳಿನಲ್ಲೇ) ಇದೆ. ಇಲ್ಲದಿರುವುದು ಚಿಪ್‌ನೊಳಗೆ ತುಂಬಬೇಕಾದ ಫರ್ಮ್‌ವೇರ್, ಅಂದರೆ ಚಿಪ್ಪನ್ನು ನಡೆಸುವ ಪುಟ್ಟ ತಂತ್ರಾಂಶ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸ್ಜ್’ (dmesg) ಆಜ್ಞೆ ಕೊಟ್ಟು ನೋಡಿದರೆ ‘ಯುಕೋಡ್15’ ಕಡತ ಸಿಗಲಿಲ್ಲವೆಂಬ ದೂರು ಕಾಣುತ್ತದೆ. ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಇನ್‌ಸ್ಟಾಲರಿನಲ್ಲೇ ಬರುತ್ತದೆ, ನಿಜ. ಆದರೆ ಇದನ್ನು ಹಂಚಲು ಬ್ರಾಡ್‌ಕಾಮ್‌ನ ಅನುಮತಿ ಇಲ್ಲ. ಅದಕ್ಕೆಂದೇ ಇರುವ ಪ್ಯಾಕೇಜು ಹಾಕುವ ಹೊತ್ತಿಗೆ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ವೈಫೈ ಬರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು! ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಏನೂ ಬೇಡ. ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ ‘ಕಾಂಟ್ರಿಬ್’ (contrib) ಸೇರಿಸಿ, ಆಪ್ಟ್ ಅಪ್‌ಡೇಟ್ (apt update) ಮಾಡಿ, ‘ಫರ್ಮ್‌ವೇರ್-ಬಿ43-ಎಲ್‌ಪಿಪಿಎಚ್‌ವೈ-ಇನ್‌ಸ್ಟಾಲರ್’ (firmware-b43-lpphy-installer) ಹಾಕಿ ರೀಬೂಟ್ ಮಾಡಿ. ಜೊತೆಗೆ ಬ್ರಾಡ್‌ಕಾಮ್-ಎಸ್‌ಟಿಎ (ಬ್ರಾಡ್‌ಕಾಮ್‌ನದೇ ಡ್ರೈವರ್) ಪ್ಯಾಕೇಜನ್ನೂ ಹಾಕಿದರೆ ಅದು ಬಿ43ಯನ್ನು ತಡೆಪಟ್ಟಿಗೆ ಸೇರಿಸುತ್ತದೆ. ‘ಎರಡೂ ಇರಲಿ’ ಎಂದು ಹಾಕಿಕೊಂಡು ಒದ್ದಾಡುವವರು ಕಡಿಮೆಯಿಲ್ಲ.

ಪ್ರಶ್ನೆ: ಲಿನಕ್ಸ್ ಚೆನ್ನಾಗಿ ನಡೆಯುವ ಯಂತ್ರದಲ್ಲಿ ಯುನಿಕ್ಸ್ ಬಳಗದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿಯೂ ನಡೆಯುತ್ತದೆ ಎನ್ನಬಹುದೇ? (ಮೈಸೂರು)

ಉತ್ತರ: ಹಾಗೆ ನಂಬಿ ಡಿಸ್ಕ್ ಅಳಿಸಬೇಡಿ. ಅದರ ಕರ್ನಲ್ಲೇ ಬೇರೆ, ಡ್ರೈವರ್‌ಗಳೂ ಬೇರೆ. ಇನ್‌ಸ್ಟಾಲರ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬದಲು ಲೈವ್ ಆಯ್ಕೆ ಹಿಡಿದು, ರೂಟ್ (ಮುಖ್ಯ ಬಳಕೆದಾರ) ಆಗಿ ‘ಪಿಸಿಐಕಾನ್ಫ್ -ಎಲ್‌ವಿ’ (pciconf -lv) ಕೊಡಿ. ‘ನನ್’ (none) ಎಂದು ಶುರುವಾಗುವ ಸಾಲುಗಳಿಗೆ ಸದ್ಯಕ್ಕೆ ಡ್ರೈವರ್ ಹತ್ತಿಲ್ಲ ಎಂದರ್ಥ. ಗ್ರಾಫಿಕ್ಸ್ ಅಲ್ಲಿ ಕಂಡರೆ ಚಿಂತೆಯಿಲ್ಲ, ಆಮೇಲೆ ಡಿಆರ್‌ಎಂ-ಕೆಮಾಡ್ (drm-kmod) ಪ್ಯಾಕೇಜಿನಿಂದ ಬರುತ್ತದೆ. ವೈಫೈ ಕಂಡರೆ ಯೋಚಿಸಿ.

ಪ್ರಶ್ನೆ: ಹೆಚ್‌ಪಿ ಲೇಸರ್‌ಜೆಟ್ 1020 ಉಬುಂಟುವಿನಲ್ಲಿ ಕಾಣುತ್ತದೆ, ಕೆಲಸವೂ ಹೋಗುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. (ಹಾವೇರಿ)

ಉತ್ತರ: ಆ ಪ್ರಿಂಟರ್ ಆಫ್ ಮಾಡಿದೊಡನೆ ತನ್ನ ಫರ್ಮ್‌ವೇರ್ ಮರೆಯುತ್ತದೆ, ಆನ್ ಆದಾಗಲೆಲ್ಲ ಕಂಪ್ಯೂಟರೇ ಮತ್ತೆ ತುಂಬಬೇಕು. ವಿಂಡೋಸ್ ಡ್ರೈವರ್ ಇದನ್ನು ಸದ್ದಿಲ್ಲದೆ ಮಾಡುತ್ತದೆ. ಉಬುಂಟುವಿನಲ್ಲಿ ಹೆಚ್‌ಪಿಲಿಪ್ (hplip, ಹೆಚ್‌ಪಿಯ ಲಿನಕ್ಸ್ ಡ್ರೈವರ್) ಹಾಕಿ, ಇಂಟರ್‌ನೆಟ್ ಇರುವಾಗ ‘ಹೆಚ್‌ಪಿ-ಪ್ಲಗಿನ್’ (hp-plugin) ಓಡಿಸಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೆಚ್‌ಪಿಲಿಪ್ ಅಪ್‌ಡೇಟ್ ಆದಾಗ ಪ್ಲಗಿನ್ನಿನ ಆವೃತ್ತಿ ಹೊಂದದೆ ಮತ್ತೆ ನಿಲ್ಲಬಹುದು. ಅದೇ ಆಜ್ಞೆ ಇನ್ನೊಮ್ಮೆ ಕೊಡಿ.