ಓದುಗರ ಪ್ರಶ್ನೆ, ನಮ್ಮ ಉತ್ತರ: ಓದಿದ ಕಾಲೇಜಿಗೆ ಕೊಡುಗೆ ಕೊಡುವ ಮುನ್ನ

ಪ್ರಶ್ನೆ: ನಾವು ಓದಿದ ಕಾಲೇಜಿಗೆ ಕುಡಿಯುವ ನೀರಿನ ಘಟಕ ಕೊಡಿಸಲು ಗೆಳೆಯರೆಲ್ಲ ಸೇರಿ 4 ಲಕ್ಷ ರೂಪಾಯಿ ಕೂಡಿಸಿದ್ದೇವೆ. 600 ಮಕ್ಕಳಿದ್ದಾರೆ. ಎಷ್ಟು ದೊಡ್ಡ ಆರ್‌ಒ (ನೀರಿನ ಲವಣ ಸೋಸುವ ಯಂತ್ರ) ತರಬೇಕು?
– ಹಳೆಯ ವಿದ್ಯಾರ್ಥಿಗಳ ಬಳಗ, ಮಂಡ್ಯ

ಉತ್ತರ: ಯಂತ್ರದ ಅಳತೆ ಆಮೇಲಿನ ಮಾತು. ಮೊದಲು ಕಾಲೇಜಿನ ಸಂಪಿಗೆ ಬೀಳುವ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಕಾವೇರಿ ನೀರಾದರೆ ಅದರಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಕಡಿಮೆ. ಆರ್‌ಒ ದಂಡ, ಯುಎಫ್ (ಸೂಕ್ಷ್ಮ ರಂಧ್ರಗಳ ಸೋಸುಪೊರೆ) ಮತ್ತು ಯುವಿ (ರೋಗಾಣು ಕೊಲ್ಲುವ ನೇರಳಾತೀತ ಬೆಳಕು) ಇರುವ ಫಿಲ್ಟರ್ ಸಾಕು. ಕೊಳವೆಬಾವಿಯ ನೀರಾದರೆ ಲೀಟರಿಗೆ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 500 ಮಿಲಿಗ್ರಾಂ, ನೈಟ್ರೇಟ್ 45, ಫ್ಲೋರೈಡ್ 1.5 ದಾಟಿದೆಯೇ ನೋಡಬೇಕು. ಕಬ್ಬು, ಭತ್ತಕ್ಕೆ ಗೊಬ್ಬರ ಸುರಿಯುವ ಸೀಮೆ ನಮ್ಮದು. ನೈಟ್ರೇಟ್ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ನೈಟ್ರೇಟ್ ಕುದಿಸಿದರೂ ಹೋಗದು, ಯುವಿಗೂ ಬಗ್ಗದು. ಅಲ್ಲಿ ಆರ್‌ಒ ಬೇಕೇ ಬೇಕು.

ತಲೆಗೆ 2 ಲೀಟರಿನಂತೆ ದಿನಕ್ಕೆ 1,200 ಲೀಟರ್. ಗಂಟೆಗೆ 250 ಲೀಟರ್ ಕೊಡುವ ಯಂತ್ರ 5 ಗಂಟೆ ಓಡಿದರೆ ಆಯಿತು. ಎಡವುವುದು ನಲ್ಲಿಯ ಲೆಕ್ಕದಲ್ಲಿ. ಬಾಟಲಿ ತುಂಬಿಸಿಕೊಂಡು ಪಕ್ಕಕ್ಕೆ ಸರಿಯಲು 20 ಸೆಕೆಂಡು ಹಿಡಿದರೆ, 20 ನಿಮಿಷದ ಬಿಡುವಿನಲ್ಲಿ ಒಂದು ನಲ್ಲಿಗೆ 60 ಮಂದಿ. ಅರ್ಧ ಕಾಲೇಜು ಬಂದರೂ 5 ನಲ್ಲಿ ಬೇಕು, 6 ಹಾಕಿಸಿ. ನೀರು ಮೊದಲೇ ತುಂಬಿರಲು 1,000 ಲೀಟರಿನ ಸ್ಟೀಲ್ ಟ್ಯಾಂಕ್ ಇರಲಿ. ಆರ್‌ಒ ಹೊರಗೆ ಬಿಡುವ ಉಪ್ಪುನೀರು ಚರಂಡಿಗೆ ಹೋಗದಂತೆ ಶೌಚಾಲಯದ ಟ್ಯಾಂಕಿಗೆ ಪೈಪ್ ಎಳೆಸಿ. ಗಿಡಗಳಿಗೆ ಬೇಡ, ಮಣ್ಣು ಕೆಡುತ್ತದೆ.

ಕೈಯಲ್ಲಿರುವ 4 ಲಕ್ಷವನ್ನೂ ಯಂತ್ರಕ್ಕೇ ಸುರಿಯಬೇಡಿ. 1 ಲಕ್ಷ ಎತ್ತಿಟ್ಟರೆ ಐದು ವರ್ಷ, ವರ್ಷಕ್ಕೆ 20,000 ರೂಪಾಯಿ ನಿರ್ವಹಣೆಗೆ ಸಿಗುತ್ತದೆ. ಕಾರ್ಟ್ರಿಜ್ ಫಿಲ್ಟರ್ ಮೂರು ತಿಂಗಳಿಗೊಮ್ಮೆ, ಮೆಂಬ್ರೇನ್ (ಆರ್‌ಒ ಒಳಗಿನ ಸೋಸುಪೊರೆ) ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಬೇಕು. ಗಡಸು ನೀರಿಗೆ ಆ್ಯಂಟಿಸ್ಕೇಲೆಂಟ್ ಎಂಬ ರಾಸಾಯನಿಕ ಹಾಕದಿದ್ದರೆ ಮೆಂಬ್ರೇನಿಗೆ ಸುಣ್ಣ ಕಟ್ಟಿ ಬೇಗ ಹಾಳಾಗುತ್ತದೆ. ವಾರಕ್ಕೊಮ್ಮೆ ಟಿಡಿಎಸ್ ಮೀಟರ್ ಅದ್ದಿ ಪುಸ್ತಕದಲ್ಲಿ ಬರೆದಿಡುವ ಒಬ್ಬ ಅಟೆಂಡರ್ ಬೇಕು. ಶುದ್ಧ ನೀರಿನ ಅಂಕಿ ಏರುತ್ತಾ ಹೋದರೆ ಮೆಂಬ್ರೇನ್ ಸೋತಿದೆ ಎಂದರ್ಥ. ರಜೆ ಮುಗಿದು ಕಾಲೇಜು ತೆರೆದಾಗ ಟ್ಯಾಂಕ್ ತೊಳೆಸಿ, ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಿ. ಕರೆಂಟ್ ಬಿಲ್ ಯಾರದು, ಕೆಟ್ಟರೆ ಕರೆ ಮಾಡುವವರು ಯಾರು ಎಂಬುದನ್ನು ಪ್ರಾಂಶುಪಾಲರ ಸಹಿಯೊಂದಿಗೆ ಒಪ್ಪಂದದಲ್ಲಿ ಬರೆಸಿ. ಇದೆಲ್ಲ ಆದ ಮೇಲೆಯೇ ದಾನಿಗಳ ಹೆಸರಿನ ಕಲ್ಲು.

ಪ್ರಶ್ನೆ: ಅಮೆರಿಕದಲ್ಲಿರುವ ಗೆಳೆಯ ಮಾನಸಗಂಗೋತ್ರಿಯಲ್ಲಿ ತಾನು ಓದಿದ ವಿಭಾಗದ ಓದುಕೋಣೆಗೆ ಕೊಡುವ ಹಣವನ್ನು ನನ್ನ ಖಾತೆಗೆ ಹಾಕುತ್ತೇನೆ ಎನ್ನುತ್ತಾನೆ. ಒಪ್ಪಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ, ಹಣ ನೇರವಾಗಿ ವಿಶ್ವವಿದ್ಯಾನಿಲಯಕ್ಕೇ ಹೋಗಲಿ. ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು, ಕೇಳಿ. ಇನ್ನೂ ಭಾರತದ್ದೇ ಆಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗೆ ಕೊಡುವ ಕಾರ್ಡ್) ಇದ್ದರೂ, ಅದು 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ಬರುತ್ತದೆ. ಆಗ ಹಣ ಕಳಿಸುವ ದಾರಿಯನ್ನು ವಿಶ್ವವಿದ್ಯಾನಿಲಯದ ಹಣಕಾಸು ಅಧಿಕಾರಿಯಿಂದಲೇ ಲಿಖಿತವಾಗಿ ತಿಳಿದುಕೊಳ್ಳಿ. ಯಾವ ವಿಭಾಗದ ಯಾವ ಕೆಲಸಕ್ಕೆ ಎಂದು ಹಣದ ಜೊತೆಗಿನ ಪತ್ರದಲ್ಲಿ ಕಾಣಿಸದಿದ್ದರೆ ಹಣ ಸಾಮಾನ್ಯ ನಿಧಿಯಲ್ಲಿ ಬೆರೆತುಹೋಗಬಹುದು.

ಪ್ರಶ್ನೆ: ಹತ್ತು ಕಂಪ್ಯೂಟರ್ ಕೊಂಡು ಕೊಟ್ಟರೆ 80ಜಿ ಎಂದು ಕರೆಯುವ, ದೇಣಿಗೆಯ ತೆರಿಗೆ ವಿನಾಯಿತಿ ಸಿಗುತ್ತದೆಯೇ?
– ಓದುಗರು, ಮದ್ದೂರು

ಉತ್ತರ: ವಸ್ತುವಿಗೆ ಸಿಗುವುದಿಲ್ಲ, ಹಣಕ್ಕೆ ಮಾತ್ರ. ಅದೂ ನಗದಾದರೆ 2,000 ರೂಪಾಯಿವರೆಗೆ. ಹೆಚ್ಚಿನದನ್ನು ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಿ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ವಿನಾಯಿತಿಯೇ ಇಲ್ಲ. ಹಣ ಪಡೆಯುವ ಸಂಸ್ಥೆಗೆ ಅನುಮೋದನೆ ಇದೆಯೇ ಎಂದು ಮೊದಲೇ ವಿಚಾರಿಸಿ.