ಎವರೆಸ್ಟ್ ತುದಿ ಮುಟ್ಟದ ‘ಬುಲ್’ ಕುಮಾರ್: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಕರ್ನಲ್ ನರೇಂದ್ರ ಕುಮಾರ್ ಅವರ ಚಿತ್ರದ ಕೆಳಗೆ ‘ಭಾರತದ ಶ್ರೇಷ್ಠ ಪರ್ವತಾರೋಹಿಗಳಲ್ಲಿ ಒಬ್ಬರು’ ಎಂದು ನಾವು ಅಚ್ಚು ಹಾಕಿದ್ದು ನಿಮಗೆ ಹಿಡಿಸಲಿಲ್ಲ. ನಿಮ್ಮ ಪತ್ರವನ್ನು ಪೂರ್ತಿ ಪ್ರಕಟಿಸಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರ ತಿರುಳನ್ನಷ್ಟೇ ಹೇಳಿ ಮುಂದುವರಿಯುತ್ತೇನೆ. ಎವರೆಸ್ಟನ್ನೇ ಏರದವರು ಶ್ರೇಷ್ಠರು ಹೇಗಾದರು ಎಂಬುದು ನಿಮ್ಮ ಮೊದಲ ತಕರಾರು. ಸರ್ಕಾರದ ಹಣ, ಸೇನೆಯ ಆಳು, ಶೇರ್ಪಾಗಳ ಬೆನ್ನು ಇದ್ದರೆ ಯಾರು ಬೇಕಾದರೂ ದಂಡಯಾತ್ರೆ ನಡೆಸಬಹುದು ಎಂಬುದು ಎರಡನೆಯದು. ಸಿಯಾಚಿನ್‌ನ ಸಾವಿನ ಚಳಿಗೆ ನಮ್ಮ ಹುಡುಗರನ್ನು ತಳ್ಳಿದ್ದೇ ಇವರ ಸಾಹಸವಲ್ಲವೇ ಎಂಬುದು ಮೂರನೆಯದು. ಕೊನೆಯಲ್ಲಿ ನಿಮ್ಮ ಮೊಮ್ಮಗಳ ಬಗ್ಗೆಯೂ ಒಂದು ಪ್ರಶ್ನೆ ಇದೆ. ಮೂರನೆಯ ತಕರಾರು ನನ್ನನ್ನೂ ಕಾಡುವಂಥದು. ಮೊದಲನೆಯದನ್ನು ಮಾತ್ರ ಸುಲಭವಾಗಿ ಬಿಟ್ಟುಕೊಡಲಾರೆ.

‘ಬುಲ್’ ಎಂಬ ಹೆಸರಿನಿಂದಲೇ ಶುರು ಮಾಡೋಣ. ಸೇನಾ ಅಕಾಡೆಮಿಯಲ್ಲಿ ಕೆಡೆಟ್ ಆಗಿದ್ದಾಗ ಅವರು ಬಾಕ್ಸಿಂಗ್ ಕಣಕ್ಕೆ ಇಳಿದದ್ದು ಹಿರಿಯ ಕೆಡೆಟ್ ಸುನೀತ್ ಫ್ರಾನ್ಸಿಸ್ ರೋಡ್ರಿಗಸ್ ವಿರುದ್ಧ. ಈ ರೋಡ್ರಿಗಸ್ ಮುಂದೆ ಸೇನಾ ಮುಖ್ಯಸ್ಥರಾದರು. ಪಂದ್ಯದಲ್ಲಿ ಕುಮಾರ್ ಸೋತರು. ಆದರೆ ಹೊಡೆತ ತಿನ್ನುತ್ತಲೇ ಗೂಳಿಯ ಹಾಗೆ ನುಗ್ಗಿದ ರೀತಿಗೆ ಸಿಕ್ಕ ಅಡ್ಡಹೆಸರು ಸಾಯುವವರೆಗೂ ಜೊತೆಗಿತ್ತು. 1933ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದ ಅವರು 1954ರಲ್ಲಿ ಕುಮಾವೋ ರೆಜಿಮೆಂಟಿಗೆ ಅಧಿಕಾರಿಯಾಗಿ ಸೇರಿದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರದೂ ಇದೇ ರೆಜಿಮೆಂಟು. ತಿಮ್ಮಯ್ಯನವರು ಸೇರಿದಾಗ ಅದಕ್ಕೆ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರಿತ್ತು, ಅಷ್ಟೇ. ಕುಮಾರ್ ಹಿಮಾಲಯದಲ್ಲಿ ಮೊದಲ ಹೆಜ್ಜೆಗಳನ್ನು ಇಡುತ್ತಿದ್ದ ವರ್ಷಗಳಲ್ಲಿ ಸೇನೆಯ ಮುಖ್ಯಸ್ಥರಾಗಿದ್ದವರೂ ತಿಮ್ಮಯ್ಯನವರೇ.

ಆ ಮೊದಲ ಹೆಜ್ಜೆ ತೀರ ತಡವಾಗಿಯೇ ಬಿತ್ತು. ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗೆ ತರಬೇತಿಗೆಂದು ಅವರು ಹೋದದ್ದು 1958ರಲ್ಲಿ. ತೇನ್‌ಸಿಂಗ್ ನೋರ್ಗೆ ಅಲ್ಲಿ ಹಗ್ಗ ಕಟ್ಟುವುದನ್ನೂ ಹಿಮಗೊಡಲಿ ಹಿಡಿಯುವುದನ್ನೂ ಕಲಿಸುತ್ತಿದ್ದ ಕಾಲವದು. ಅದೇ ವರ್ಷ 7,120 ಮೀಟರ್ ಎತ್ತರದ ತ್ರಿಶೂಲ ಶಿಖರಕ್ಕೆ ಒಂದು ತಂಡವನ್ನು ಕಟ್ಟಿಕೊಂಡು ಹೊರಟೇಬಿಟ್ಟರು.

ಈಗ ಎವರೆಸ್ಟ್ ವಿಷಯ. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಎವರೆಸ್ಟ್ ದಂಡಯಾತ್ರೆ ಹೊರಟಿತು. ಕೊನೆಯ ಶಿಬಿರದಿಂದ ತುದಿಯ ಕಡೆಗೆ ಹೊರಟವರು ಮೂವರು: ನವಾಂಗ್ ಗೊಂಬು, ಸೋನಂ ಗ್ಯಾತ್ಸೊ ಮತ್ತು ಕ್ಯಾಪ್ಟನ್ ಕುಮಾರ್. ಆ ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೆಯ ಒಂದು ಭಾಗ. ತುದಿಗೆ ಇನ್ನು ಕೆಲವೇ ನೂರು ಅಡಿ ಇದೆ ಎನ್ನುವಾಗ ಗಾಳಿ ಎದ್ದಿತು. ಅಂಥ ಗಾಳಿಯಲ್ಲಿ ಹಿಮದ ಪುಡಿ ಕನ್ನಡಕದ ಮೇಲೆ ಮೆತ್ತಿಕೊಂಡು ಹೆಪ್ಪುಗಟ್ಟುತ್ತದೆ. ಒರೆಸಲು ಕೈಗವಸು ತೆಗೆದರೆ ಬೆರಳು ಹೋಗುತ್ತದೆ, ಒರೆಸದಿದ್ದರೆ ಮುಂದಿನ ಹೆಜ್ಜೆ ಕಾಣುವುದಿಲ್ಲ. ಮೂವರೂ ಹಿಂದಿರುಗಿದರು. ಮೂವರೂ ಬದುಕಿ ಬಂದರು. ಇನ್ನೊಂದು ಗಂಟೆ ನುಗ್ಗಿದ್ದರೆ ಹೆಸರು ಪಠ್ಯಪುಸ್ತಕಕ್ಕೆ ಸೇರುತ್ತಿತ್ತೋ, ಹೆಣ ಹಿಮದಲ್ಲಿ ಉಳಿಯುತ್ತಿತ್ತೋ ಯಾರು ಬಲ್ಲರು. ಗೂಳಿಯೆಂದು ಹೆಸರಾದವನು ಹಿಂದಕ್ಕೆ ತಿರುಗಿದ ಆ ತೀರ್ಮಾನವನ್ನು ನೀವು ಸೋಲಿನ ಖಾತೆಗೆ ಬರೆಯುತ್ತೀರಿ, ನಾನು ಬರೆಯುವುದಿಲ್ಲ.

ಮರುವರ್ಷ, 1961ರಲ್ಲಿ, ಬದರಿನಾಥದ ನೆತ್ತಿಯ ಮೇಲಿರುವ ನೀಲಕಂಠ ಶಿಖರ ಅವರ ಕಾಲಿನ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತು. ಹಿಮಗಡಿತ ಎಂದು ಪತ್ರಿಕೆಯಲ್ಲಿ ಒಂದೇ ಪದದಲ್ಲಿ ಬರೆದು ಮುಗಿಸುತ್ತೇವೆ. ಆದದ್ದೇನೆಂದರೆ, ಮೈಯನ್ನು ಬೆಚ್ಚಗಿಡಲು ದೇಹ ತುದಿಭಾಗಗಳಿಗೆ ರಕ್ತ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಬೆರಳು ಮೊದಲು ನೋಯುತ್ತದೆ, ಆಮೇಲೆ ನೋವು ನಿಲ್ಲುತ್ತದೆ. ನೋವು ನಿಂತಿತಲ್ಲ ಎಂದು ಸಮಾಧಾನಪಡುವ ಹೊತ್ತಿಗೆ ಬೆರಳು ಸತ್ತಿರುತ್ತದೆ. ಕೆಲವು ದಿನಗಳಲ್ಲಿ ಕಪ್ಪಗಾಗುತ್ತದೆ, ಕತ್ತರಿಸಬೇಕಾಗುತ್ತದೆ. ಕಡಿದಾದ ಹಿಮದ ಗೋಡೆಯಲ್ಲಿ ಬೂಟಿನ ಮುಂಭಾಗದ ಮುಳ್ಳುಗಳನ್ನು ಊರಿ ಇಡೀ ಮೈಭಾರ ಹೊರಬೇಕಾದದ್ದು ಕಾಲ್ಬೆರಳುಗಳೇ. ಅವುಗಳಲ್ಲಿ ನಾಲ್ಕು ಇಲ್ಲದ ಮನುಷ್ಯ ಮುಂದಿನ ಇಪ್ಪತ್ತು ವರ್ಷ ಬೆಟ್ಟದಲ್ಲೇ ಕಳೆದರು. ಶ್ರೇಷ್ಠ ಎಂಬ ಮಾತನ್ನು ನಾನು ಹಿಂದಕ್ಕೆ ಪಡೆಯಲು ಒಪ್ಪದಿರುವುದಕ್ಕೆ ಇದಿಷ್ಟೇ ಸಾಕಿತ್ತು, ಆದರೆ ಇನ್ನೂ ಇದೆ.

1964ರಲ್ಲಿ ಅವರ ನೇತೃತ್ವದ ತಂಡ 7,816 ಮೀಟರ್ ಎತ್ತರದ ನಂದಾದೇವಿಯನ್ನು ಏರಿತು. 1936ರಲ್ಲಿ ಬ್ರಿಟಿಷ್ ಆರೋಹಿಗಳಾದ ಟಿಲ್ಮನ್ ಮತ್ತು ಓಡೆಲ್ ಏರಿದ ಮೇಲೆ ಆ ಶಿಖರ ಯಾರಿಗೂ ಸುಲಭವಾಗಿ ಒಲಿದಿರಲಿಲ್ಲ. ತುದಿ ಮುಟ್ಟಿದವರು ನವಾಂಗ್ ಗೊಂಬು ಮತ್ತು ದಾವಾ ನೋರ್ಬು. 1965ರ ಮೇ ತಿಂಗಳಲ್ಲಿ ನೌಕಾಪಡೆಯ ಮೋಹನ್ ಸಿಂಗ್ ಕೊಹ್ಲಿ ಅವರ ನಾಯಕತ್ವದಲ್ಲಿ ಒಂಬತ್ತು ಮಂದಿ ಭಾರತೀಯರು ಎವರೆಸ್ಟ್ ಏರಿದರು. ಆ ತಂಡದ ಉಪನಾಯಕ ಕುಮಾರ್. ಒಂಬತ್ತರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪದ್ಮಶ್ರೀ, ಅರ್ಜುನ ಪ್ರಶಸ್ತಿ ಎರಡೂ ಆ ವರ್ಷವೇ ಬಂದವು. ಮುಂದೆ ಕೀರ್ತಿ ಚಕ್ರವೂ ಬಂತು.

ಆ ಕಾಲದ ಆರೋಹಣ ಹೇಗಿತ್ತೆಂದು ತಿಳಿದರೆ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಏನೆಂದು ಅರ್ಥವಾಗುತ್ತದೆ. ಕೊನೆಯ ಗುಡಾರದಲ್ಲಿ ಇಬ್ಬರು ಒಂದು ರಾತ್ರಿ ಮಲಗಬೇಕಾದರೆ ಕೆಳಗಿನ ಶಿಬಿರದಿಂದ ಹಲವರು ಹಲವು ಸಲ ಹೊರೆ ಹೊತ್ತು ಹತ್ತಿಳಿದಿರಬೇಕು. ಅವರಿಗೆ ಅನ್ನ, ಸೀಮೆಎಣ್ಣೆ ಒದಗಿಸಲು ಅದಕ್ಕೂ ಕೆಳಗಿನ ಶಿಬಿರದಲ್ಲಿ ಇನ್ನಷ್ಟು ಮಂದಿ ಬೇಕು. ಯಾವ ಜೋಡಿಯನ್ನು ಯಾವ ದಿನ ಮೇಲೆ ಕಳಿಸಬೇಕು, ಕೆಮ್ಮುತ್ತಿರುವವನನ್ನು ಇಳಿಸಬೇಕೋ ಇನ್ನೊಂದು ದಿನ ನೋಡಬೇಕೋ, ಮಳೆಗಾಲದ ಮೋಡ ಬರುವ ಮುನ್ನ ಉಳಿದ ಆಮ್ಲಜನಕದ ಸಿಲಿಂಡರುಗಳನ್ನು ಯಾರಿಗೆ ಕೊಡಬೇಕು ಎಂಬ ಲೆಕ್ಕವೆಲ್ಲ ನಾಯಕನ ತಲೆಯ ಮೇಲೆ. ಮದುವೆಮನೆಯ ಅಡುಗೆಭಟ್ಟರು ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತರೆ ಊಟದ ಗತಿ ಏನಾದೀತು?

ಶೇರ್ಪಾಗಳ ಬಗ್ಗೆ ನೀವು ಹೇಳಿದ್ದನ್ನು ಮಾತ್ರ ತಕರಾರಿಲ್ಲದೆ ಒಪ್ಪುತ್ತೇನೆ. 1960ರಲ್ಲಿ, 1964ರಲ್ಲಿ, 1965ರಲ್ಲಿ ಮತ್ತೆ ಮತ್ತೆ ಬರುವ ಹೆಸರು ನವಾಂಗ್ ಗೊಂಬು. ಎವರೆಸ್ಟನ್ನು ಎರಡು ಸಲ ಏರಿದ ಜಗತ್ತಿನ ಮೊದಲ ಮನುಷ್ಯ ಆತ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲ ಆ ಹೆಸರು ಬಂದಿದೆ? ಮುಂದಿನ ಸಂಚಿಕೆಯೊಂದರಲ್ಲಿ ಗೊಂಬು ಅವರ ಬಗ್ಗೆಯೇ ಒಂದು ಲೇಖನ ಕೊಡುತ್ತೇವೆ. ಅದು ನಿಮ್ಮ ಪತ್ರದ ಫಲ.

ಆದರೆ ‘ಯಾರು ಬೇಕಾದರೂ’ ಎಂಬ ಮಾತಿಗೆ ಕಾಂಚನಜುಂಗಾ ಉತ್ತರ ಕೊಡುತ್ತದೆ. 8,586 ಮೀಟರ್ ಎತ್ತರದ ಆ ಪರ್ವತವನ್ನು 1955ರಲ್ಲಿ ಬ್ರಿಟಿಷರು ನೇಪಾಳದ ಕಡೆಯಿಂದ ಏರಿದ್ದರು. ಸಿಕ್ಕಿಮ್ ಕಡೆಯ ಈಶಾನ್ಯ ಏಣು, ಅಂದರೆ ಪರ್ವತದಿಂದ ಚಾಚಿಕೊಂಡ ಕಡಿದಾದ ಅಂಚು, ಬೇರೆಯೇ ಮಾತು. ಪೌಲ್ ಬೌವರ್ ನಾಯಕತ್ವದ ಜರ್ಮನ್ ತಂಡಗಳು 1929ರಲ್ಲಿ ಒಮ್ಮೆ, 1931ರಲ್ಲಿ ಮತ್ತೊಮ್ಮೆ ಹೋಗಿ ಹಿಂದಿರುಗಿದ್ದವು. ಹಣಕ್ಕಾಗಲಿ ಹಮಾಲಿಗಳಿಗಾಗಲಿ ಬಗ್ಗುವಂಥ ದಾರಿಯಲ್ಲ ಅದು. ನಾಲ್ಕು ದಶಕ ಕಳೆದ ಮೇಲೆ ಕುಮಾರ್ ತಮ್ಮ ಸೇನಾ ತಂಡವನ್ನು ಅದೇ ಏಣಿನ ದಾರಿಗೆ ಕರೆದೊಯ್ದರು. 1977ರ ಮೇ 31ರಂದು ಮೇಜರ್ ಪ್ರೇಮ್ ಚಂದ್ ಮತ್ತು ನಾಯಕ್ ನೀಮಾ ದೋರ್ಜೆ ಶೇರ್ಪಾ ಮೇಲೆ ತಲುಪಿದರು. ಆ ಪರ್ವತವನ್ನು ಮನುಷ್ಯರು ಏರಿದ್ದು ಅದು ಎರಡನೆಯ ಸಲ, ಈಶಾನ್ಯ ಏಣಿನಿಂದ ಮೊದಲ ಸಲ. ನನ್ನನ್ನು ಕೇಳಿದರೆ ಅವರ ಬಾಳಿನ ದೊಡ್ಡ ಕೆಲಸ ಇದೇ. ಸಿಯಾಚಿನ್‌ನ ಸದ್ದಿನಲ್ಲಿ ಇದು ಮುಚ್ಚಿಹೋಗಿದೆ.

ಇನ್ನು ಸಿಯಾಚಿನ್. 1949ರ ಕರಾಚಿ ಒಪ್ಪಂದದಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವಿನ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಎಳೆದು, ಅಲ್ಲಿಂದಾಚೆಗೆ ‘ಉತ್ತರಕ್ಕೆ, ಹಿಮನದಿಗಳತ್ತ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಅಲ್ಲಿ ಯಾರು ಹೋಗುತ್ತಾರೆ ಎಂಬ ಉಡಾಫೆ. 1977ರ ಸುಮಾರಿಗೆ ನದಿಯಾನದ ಯೋಜನೆ ಹಿಡಿದು ಬಂದ ಜರ್ಮನ್ನರೊಬ್ಬರು ಕುಮಾರ್ ಮುಂದೆ ಅಮೆರಿಕದಲ್ಲಿ ಅಚ್ಚಾದ ನಕ್ಷೆಯೊಂದನ್ನು ಹರಡಿದರು. ನದಿಯ ದಾರಿ ನೋಡಬೇಕಾದ ಕಣ್ಣು ಬೇರೆ ಕಡೆ ನಿಂತಿತು. ಆ ಬಿಂದುವಿನಿಂದ ಉತ್ತರಕ್ಕಲ್ಲ, ಈಶಾನ್ಯಕ್ಕೆ, ನೇರ ಕಾರಕೋರಂ ಕಣಿವೆದಾರಿಗೆ ಒಂದು ಗೆರೆ ಹೋಗಿತ್ತು. ಇಡೀ ಸಿಯಾಚಿನ್ ಹಿಮನದಿ ಆ ಗೆರೆಯ ಆಚೆಗಿತ್ತು, ಪಾಕಿಸ್ತಾನದ ಪಾಲಿಗೆ. ಅವರು ನಕ್ಷೆಯನ್ನು ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಾಗಿದ್ದ ಲೆಫ್ಟಿನೆಂಟ್ ಜನರಲ್ ಛಿಬ್ಬರ್ ಅವರ ಬಳಿಗೆ ಒಯ್ದರು. ಎಷ್ಟೋ ಕಚೇರಿಗಳ ಗೋಡೆಗಳ ಮೇಲೆ ಇಂಥ ನಕ್ಷೆಗಳು ತೂಗುತ್ತಿದ್ದಿರಬೇಕು; ದಿನವೂ ನೋಡುತ್ತಿದ್ದವರಿಗೆ ಕಾಣದ ಗೆರೆ ಬೆಟ್ಟ ತಿಳಿದವನಿಗೆ ಕಂಡಿತು.

1978ರಲ್ಲಿ ಪರ್ವತಾರೋಹಣದ ಹೆಸರಿನಲ್ಲಿ ತಂಡ ಹೊರಟಿತು. ಹಿಮನದಿಯ ಮೇಲೆ ಅವರಿಗೆ ಸಿಕ್ಕಿದ್ದು ಪಾಕಿಸ್ತಾನದ ಸಿಗರೇಟು ಪೊಟ್ಟಣ, ತಿಂದು ಎಸೆದ ಡಬ್ಬಗಳು. ಅಲ್ಲಿಗೆ ವಿದೇಶಿ ತಂಡಗಳು ಪಾಕಿಸ್ತಾನದ ಅನುಮತಿ ಪಡೆದು ಬಂದು ಹೋಗುತ್ತಿದ್ದವು ಎಂಬುದಕ್ಕೆ ಆ ಕಸವೇ ದಾಖಲೆಯಾಯಿತು. 1981ರಲ್ಲಿ ಮತ್ತೆ ಹೋಗಿ, ಸುಮಾರು 75 ಕಿಲೋಮೀಟರ್ ಉದ್ದದ ಹಿಮನದಿಯನ್ನು ಕೆಳತುದಿಯ ಮೂತಿಯಿಂದ ಮೇಲ್ತುದಿಯ ಕಣಿವೆದಾರಿ ಇಂದಿರಾ ಕೋಲ್‌ವರೆಗೆ ದಾಟಿದರು, ಸಾಲ್ತೊರೊ ಕಾಂಗ್ರಿಯಂಥ ಶಿಖರಗಳನ್ನು ಏರಿದರು, ದಾರಿಯ ಟಿಪ್ಪಣಿ ಮತ್ತು ಚಿತ್ರಗಳೊಂದಿಗೆ ಇಳಿದರು. ಸೈನಿಕ ಶೋಧಯಾತ್ರೆಗಳಿಗೆಂದೇ ಕೊಡುವ ಮ್ಯಾಕ್‌ಗ್ರೆಗರ್ ಪದಕ ಅವರಿಗೆ ಸಂದಿತು. 1984ರ ಏಪ್ರಿಲ್ 13ರಂದು ಸಿಯಾಚಿನ್ ಅನ್ನು ವಶಕ್ಕೆ ಪಡೆಯುವ ಆಪರೇಷನ್ ಮೇಘದೂತ್ ಶುರುವಾದಾಗ ಸೇನೆಯ ಕೈಯಲ್ಲಿದ್ದ ನೆಲದ ಅರಿವು ಬಹುಪಾಲು ಈ ಯಾತ್ರೆಗಳದೇ. ಹಿಮನದಿಯ ಮೇಲಿನ ಒಂದು ನೆಲೆಗೆ ಇಂದಿಗೂ ಕುಮಾರ್ ಬೇಸ್ ಎಂದೇ ಹೆಸರು.

ಅಲ್ಲಿಂದ ಬಂದ ಸಾವುಗಳನ್ನು ನೀವು ನೆನಪಿಸಿದ್ದೀರಿ. 2016ರ ಫೆಬ್ರುವರಿಯಲ್ಲಿ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಸಿಕ್ಕಿಕೊಂಡ ಹತ್ತು ಮಂದಿ ಮದ್ರಾಸ್ ರೆಜಿಮೆಂಟಿನವರು. ಅವರಲ್ಲಿ ಮೂವರು ಕರ್ನಾಟಕದವರು. ಆರು ದಿನ ಹಿಮದಡಿ ಉಸಿರು ಹಿಡಿದಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಸರಿಯಾಗಿ ಮಾತನಾಡಲಿಲ್ಲ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಕೊಂದಿದೆ. ಎರಡೂ ದೇಶಗಳು ಕೂತು ಮಾತಾಡಿ ಅಲ್ಲಿಂದ ಇಳಿಯಬಾರದೇ ಎಂದು ಕೇಳುವುದು ದೇಶದ್ರೋಹವಲ್ಲ. ಆ ಪ್ರಶ್ನೆಯನ್ನು ಈ ಪತ್ರಿಕೆ ಮುಂದೆಯೂ ಕೇಳುತ್ತದೆ. ಆದರೆ ಅದನ್ನು ಕೇಳಬೇಕಾದದ್ದು ದೆಹಲಿಯಲ್ಲಿ ಮತ್ತು ಇಸ್ಲಾಮಾಬಾದಿನಲ್ಲಿ ನಿರ್ಧಾರ ಮಾಡುವವರನ್ನು. ನಕ್ಷೆಯಲ್ಲಿ ತಪ್ಪು ಗೆರೆ ಕಂಡು, ನಿಜವೇನೆಂದು ನಡೆದು ನೋಡಿ ಬಂದ ಅಧಿಕಾರಿಯ ಕೊರಳಿಗೆ ಅದನ್ನು ಕಟ್ಟಬೇಡಿ. ಕುಮಾರ್ 2020ರ ಡಿಸೆಂಬರ್ 31ರಂದು, 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೊನೆಗೆ ನಿಮ್ಮ ಮೊಮ್ಮಗಳು. ಬೆಟ್ಟ ಹತ್ತುವ ಹುಚ್ಚು ಹಿಡಿದಿದೆ, ಅದಕ್ಕಾಗಿ ಸೇನೆಗೇ ಸೇರಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಕುಮಾರ್ ಕಲಿತ, ಮುಂದೆ ಪ್ರಾಂಶುಪಾಲರೂ ಆದ ಡಾರ್ಜಿಲಿಂಗ್ ಸಂಸ್ಥೆಯಲ್ಲಿ, ಹಾಗೆಯೇ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಸಾಮಾನ್ಯರಿಗೂ ಪ್ರಾಥಮಿಕ ತರಬೇತಿ ಇದೆ. ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಬಂಡೆ ಹತ್ತುವ ರುಚಿ ನೋಡಬೇಕೆಂದರೆ ನಮ್ಮಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ರಾಮನಗರದ ಬಂಡೆಗಳಿವೆ. ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ, ಕಾಯುವವರ ಸಾಲೂ ಉದ್ದವಿರುತ್ತದೆ. ಆದ್ದರಿಂದ ಪರೀಕ್ಷೆ ಮುಗಿಯಲಿ ಎಂದು ಕಾಯದೆ ಈಗಲೇ ಅರ್ಜಿ ಹಾಕಿಸಿ.

– ಸಂಪಾದಕ